ಜಿಪುಣ ಎಂದಿದ್ದಕ್ಕೆ ಹೋದ ಕೆಲಸ

ಇಂಗ್ಲಿಷಿನಲ್ಲಿ ನಿಗರ್ಡ್ಲಿ ಅಂತ ಒಂದು ಪದ ಇದೆ. ಜಿಪುಣತನದ, ಕೈ ಬಿಗಿಯಾದ ಅಂತ ಅರ್ಥ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತೀವಲ್ಲ, ಅಂಥವನ ಗುಣ. 14ನೇ ಶತಮಾನದ ಚಾಸರ್ ಕವಿಯ ಕಾಲಕ್ಕೇ ನಿಗರ್ಡ್ ಎಂದರೆ ಜಿಪುಣ. ಪದದ ಬೇರು ಬಹುಶಃ ಸ್ಕ್ಯಾಂಡಿನೇವಿಯಾ ಕಡೆಯದು. ಕಪ್ಪು ಜನರನ್ನು ಹೀಯಾಳಿಸುವ ಆ ಕೆಟ್ಟ ಬೈಗುಳ ಹುಟ್ಟಿದ್ದು ಲ್ಯಾಟಿನ್ ಮೂಲದಿಂದ, ಅದೂ ಎಷ್ಟೋ ಕಾಲದ ಮೇಲೆ. ಎರಡಕ್ಕೂ ಯಾವ ನಂಟೂ ಇಲ್ಲ, ಕಿವಿಗೆ ಮಾತ್ರ ಒಂದೇ ಮನೆಯವರ ಹಾಗೆ ಕೇಳಿಸುತ್ತವೆ.

1999ರ ಜನವರಿ. ವಾಷಿಂಗ್ಟನ್ ಡಿ.ಸಿ.ಗೆ ಆಂಟನಿ ವಿಲಿಯಮ್ಸ್ ಹೊಸ ಮೇಯರ್. ಊರಿನ ಖಜಾನೆ ಎಷ್ಟು ಕೆಟ್ಟಿತ್ತೆಂದರೆ, ಲೆಕ್ಕ ನೋಡಿಕೊಳ್ಳಲು 1995ರಲ್ಲೇ ಅಮೆರಿಕದ ಸಂಸತ್ತು ಒಂದು ಮಂಡಳಿ ಕೂರಿಸಿತ್ತು. ವಿಲಿಯಮ್ಸ್ ಹೆಸರು ಮಾಡಿದ್ದೂ ಆ ಊರಿನ ಮುಖ್ಯ ಹಣಕಾಸು ಅಧಿಕಾರಿಯಾಗಿಯೇ. ಅಂದರೆ ಜಿಪುಣತನವೇ ಅಲ್ಲಿನ ಸರ್ಕಾರಿ ನೀತಿ ಅನ್ನಿ. ಅವರ ಕೈಕೆಳಗಿನ ಡೇವಿಡ್ ಹೊವಾರ್ಡ್ ಎಂಬ ಬಿಳಿಯ ಅಧಿಕಾರಿ ಇಬ್ಬರು ಸಿಬ್ಬಂದಿ ಜೊತೆ ಬಜೆಟ್ ಮಾತಾಡುತ್ತಾ, ದುಡ್ಡು ಜಾಸ್ತಿ ಇಲ್ಲ, ಈ ನಿಧಿಯ ವಿಷಯದಲ್ಲಿ ನಾನು ನಿಗರ್ಡ್ಲಿ ಆಗಿರಬೇಕಾಗುತ್ತದೆ ಎಂದರು. ನಿಜವನ್ನೇ ಹೇಳಿದರು ಪಾಪ.

ಕೇಳಿದವರಲ್ಲಿ ಒಬ್ಬ ಕಪ್ಪು ಸಹೋದ್ಯೋಗಿಗೆ ಅದು ಬೈಗುಳವಾಗಿ ಕೇಳಿಸಿತು. ಅವರನ್ನು ಬೈಯಲಾರೆ, ಆ ಬೈಗುಳ ತಿಂದ ಜನಕ್ಕೆ ಕಿವಿ ಚುರುಕಾಗಿರುವುದು ಸಹಜ. ಆದರೆ ಎತ್ತು ಈಯಿತು ಅಂದ ಕೂಡಲೇ ಕೊಟ್ಟಿಗೆಗೆ ಕಟ್ಟು ಎನ್ನಲು ಮೇಯರ್ ಕಚೇರಿಯೇ ಬೇಕಿತ್ತಾ? ಹೊವಾರ್ಡ್ ರಾಜೀನಾಮೆ ಕೊಟ್ಟರು, ಮೇಯರ್ ಇಸ್ಕೊಂಡರು. ಆಡಿದ ಮಾತಿನಲ್ಲಿ ತಪ್ಪಿಲ್ಲ, ಆಡಿದ್ದು ತಪ್ಪು, ಇದು ಅವರ ವಾದದ ಧಾಟಿ. ಇಡೀ ಕಚೇರಿಯಲ್ಲಿ ಒಂದು ನಿಘಂಟು ಇರಲಿಲ್ಲವೇನೋ. ಬಜೆಟ್ ಬಿಗಿ ಇತ್ತಲ್ವಾ!

ಕಪ್ಪು ಜನರ ಹಕ್ಕಿಗಾಗಿ ಜೀವಮಾನವಿಡೀ ಹೋರಾಡಿದ, ಅದೇ ಹಕ್ಕಿಗಾಗಿ ಇರುವ ಎನ್‌ಎಎಸಿಪಿ ಸಂಘಟನೆಗೆ ಆಗ ಅಧ್ಯಕ್ಷರಾಗಿದ್ದ ಜೂಲಿಯನ್ ಬಾಂಡ್ ಅವರೇ ಇದನ್ನು ಕೇಳಿ ಮೇಯರ್ ಮೇಲೆ ಹರಿಹಾಯ್ದರು. ಈ ವಿಷಯದಲ್ಲಿ ಮೇಯರ್ ವಿವೇಚನೆಯೇ ನಿಗರ್ಡ್ಲಿ ಆಗಿದೆ ಅಂತ ಅದೇ ಪದ ಹಿಡಿದು ಚುಚ್ಚಿದರು. ಆಮೇಲೆ ಮೇಯರ್, ಅವಸರಪಟ್ಟೆ ಎಂದು ಒಪ್ಪಿ ಹೊವಾರ್ಡ್ ಅವರನ್ನು ವಾಪಸ್ ಕರೆದರು. ಅವರು ಬಂದರು, ಹಳೇ ಕುರ್ಚಿಗಲ್ಲ, ಬೇರೆ ಹುದ್ದೆಗೆ.

ಇಷ್ಟಕ್ಕೇ ಮುಗಿಯಿತಾ? 2002ರಲ್ಲಿ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಒಬ್ಬ ಟೀಚರ್ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇದೇ ಪದ ಕಲಿಸಿದರು. ಪೋಷಕರೊಬ್ಬರು ದೂರು ಕೊಟ್ಟರು, ಟೀಚರಿಗೆ ಛೀಮಾರಿ ಬಿತ್ತು. ಆ ವರ್ಷ ಕಲಿತ ಬೇರೆ ಪದಗಳನ್ನು ಮಕ್ಕಳು ಮರೆತಿರಬಹುದು, ಇದನ್ನಂತೂ ಮರೆತಿರಲಿಕ್ಕಿಲ್ಲ.