ನವೆಂಬರಿನ ಬೆಚ್ಚನೆ ವಾರ ಮತ್ತು ನನ್ನ ಎರಡು ತಕರಾರು

ಚಳಿ ದೇಶಗಳಲ್ಲಿ ಎಲೆ ಉದುರಿ ಮುಗಿಯುವ ಹೊತ್ತಿಗೆ, ನವೆಂಬರ್ ಮಧ್ಯದಲ್ಲಿ, ಸ್ವೆಟರ್ ಬೇಡ ಅನ್ನಿಸುವಂಥ ಒಂದು ವಾರ ಬಂದರೆ ಸಾಕು, ಜನ ಎರಡು ಗುಂಪಾಗುತ್ತಾರೆ. ‘ಆಹಾ, ಹೀಗೇ ಇದ್ದುಬಿಡಲಿ’ ಅನ್ನುವವರು ಒಂದು ಕಡೆ. ‘ನೋಡಿ, ಭೂಮಿ ಕೆಟ್ಟೇಹೋಯ್ತು’ ಅಂತ ಬಿಸಿಲು ಕಾಯುವುದಕ್ಕೂ ಬಿಡದವರು ಇನ್ನೊಂದು ಕಡೆ. ನನಗೆ ಇಬ್ಬರ ಮೇಲೂ ತಕರಾರಿದೆ.

ಬೈಯುವವರ ವಿಷಯ ಬೇಗ ಮುಗಿಸ್ತೀನಿ. ಭೂಮಿ ಬಿಸಿಯಾಗುತ್ತಿರುವುದು ನಿಜ. ಆದರೆ ಅದು ಗೊತ್ತಾಗುವುದು ಹತ್ತಾರು ವರ್ಷಗಳ ಲೆಕ್ಕದಲ್ಲಿ. ಹವಾಮಾನದವರು ‘ವಾಡಿಕೆ’ ಅನ್ನುವುದೇ 30 ವರ್ಷಗಳ ಸರಾಸರಿಗೆ. ಇಂಥ ಬಿಡಿ ವಾರಗಳು ಹಿಂದೆಯೂ ಇದ್ದವು. ಯುರೋಪಿನಲ್ಲಿ ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಆಸುಪಾಸು ಬರುವ ಬಿಸಿಲಿಗೆ ಆ ಸಂತನ ಹೆಸರೇ ಇದೆ, ಅದೂ ಶತಮಾನಗಳಿಂದ.

‘ಹೀಗೇ ಇರಲಿ’ ಅನ್ನುವವರ ಹತ್ತಿರ ಸ್ವಲ್ಪ ಜಾಸ್ತಿ ಮಾತಾಡಬೇಕು. ಈ ಬಿಸಿ ಹೆಚ್ಚಿನಂಶ ಬೇರೆ ಕಡೆಯಿಂದ ಬಂದದ್ದು. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆಗ ಹಗಲು ಸುಮಾರು 9 ಗಂಟೆ ಅಷ್ಟೇ. ನಡು ಮಧ್ಯಾಹ್ನವೂ ಸೂರ್ಯ ಏರುವುದು 20 ಡಿಗ್ರಿ ಚಿಲ್ಲರೆ. ಅಷ್ಟರಿಂದ ಎಷ್ಟು ಕಾವು ಬಂದೀತು? ಹೆಚ್ಚು ಒತ್ತಡದ ಗಾಳಿಯ ರಾಶಿಯೊಂದು ಬಂದು ಕದಲದೆ ಕೂತಿರುತ್ತದೆ. ಉತ್ತರ ಗೋಳದಲ್ಲಿ ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ, ಅದರ ಪಶ್ಚಿಮ ಅಂಚಿನಲ್ಲಿರುವ ಊರುಗಳಿಗೆ ದಕ್ಷಿಣದ ಬೆಚ್ಚನೆ ಗಾಳಿ ಹರಿಯುತ್ತದೆ. ಆ ರಾಶಿ ಸರಿಯಿತೋ, ಬಾಗಿಲು ತೆರೆಯುವುದು ಉತ್ತರದ ಕಡೆಗೆ.

ನಮಗೇನು, ಕೋಟು ತೆಗೆದರಾಯ್ತು, ಹಾಕಿಕೊಂಡರಾಯ್ತು. ಮರಗಳಿಗೆ ಆ ಸೌಲಭ್ಯ ಇಲ್ಲ. ಹಗಲು ಗಿಡ್ಡವಾಗುತ್ತಿದ್ದಂತೆ ಮರ ಬೆಳೆಯುವುದನ್ನು ನಿಲ್ಲಿಸುತ್ತದೆ. ಎಲೆಯ ತೊಟ್ಟು ಕೊಂಬೆಗೆ ಸೇರುವಲ್ಲಿ ಬಿರಟೆಯಂಥ ತೆಳು ಪದರ ಕಟ್ಟಿಕೊಳ್ಳುತ್ತದೆ. ಎಲೆ ಉದುರಿದ ಮೇಲೆ ಆ ಗಾಯವನ್ನು ಮುಚ್ಚುವುದು ಅದೇ. ಇಷ್ಟು ಕೆಲಸಕ್ಕೆ ಹಗಲಿನ ಅಳತೆ ಸಾಕು. ಹಿಮ ತಡೆಯುವಷ್ಟು ಗಟ್ಟಿಯಾಗಲು ಮಾತ್ರ ಚಳಿಯೇ ಬೇಕು, ಅದೂ ಮೆಲ್ಲಮೆಲ್ಲನೆ, ವಾರಗಟ್ಟಲೆ. ನಡುವೆ ಬೆಚ್ಚಗಾದರೆ ಆ ತಯಾರಿ ಅರ್ಧಕ್ಕೇ ನಿಲ್ಲುತ್ತದೆ. ಜೇನುಹುಳುಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಹೂವಿಲ್ಲದ ಕಾಲದಲ್ಲಿ ಹೊರಗೆ ಹಾರಾಡಿ, ಚಳಿಗಾಲಕ್ಕೆಂದು ಕೂಡಿಟ್ಟ ತುಪ್ಪವನ್ನು ಖರ್ಚು ಮಾಡುತ್ತವೆ.

1940ರಲ್ಲಿ ಅಮೆರಿಕದ ನಡುನಾಡಿನಲ್ಲಿ ಆದದ್ದು ಇದೇ. ನವೆಂಬರ್ 11ರ ಬೆಳಿಗ್ಗೆ ಬೆಚ್ಚಗಿತ್ತು. ಬಾತುಕೋಳಿ ಬೇಟೆಗೆ ಹೊರಟವರು ತೆಳು ಬಟ್ಟೆಯಲ್ಲೇ ಮಿಸಿಸಿಪಿ ನದಿಗೆ ಇಳಿದಿದ್ದರು. ಕೆಲವೇ ಗಂಟೆಗಳಲ್ಲಿ ಮಳೆ, ಹಿಮ, ಬಿರುಗಾಳಿ. ಸತ್ತವರು 140ಕ್ಕೂ ಜಾಸ್ತಿ. ಆ ಬೇಟೆಗಾರರಲ್ಲಿ ಎಷ್ಟೋ ಜನ ನದಿಯ ನಡುಗಡ್ಡೆಗಳಲ್ಲೇ ಮರಗಟ್ಟಿ ಹೋದರು. ಅಯೋವಾ ರಾಜ್ಯದ ಸೇಬಿನ ತೋಟಗಳಿಗೂ ಅದೇ ಗತಿ. ಮರಗಳು ಇನ್ನೂ ಚಳಿಗೆ ಒಗ್ಗಿರಲಿಲ್ಲ. ಆ ಪೆಟ್ಟಿನಿಂದ ಅಲ್ಲಿನ ಸೇಬು ಬೆಳೆ ಮತ್ತೆ ಮೊದಲಿನಂತಾಗಲಿಲ್ಲ.

ಹಾಗಂತ ಬಿಸಿಲು ಕಾಯಬೇಡಿ ಅಂತೀನಾ? ಖಂಡಿತ ಇಲ್ಲ. ಕುರ್ಚಿ ಹೊರಗೆ ಹಾಕಿಕೊಳ್ಳಿ, ಸುಮ್ನೆ ಕೂತ್ಕೊಳ್ಳಿ. ಆದರೆ ಈಗೆಷ್ಟು ಡಿಗ್ರಿ ಅಂತ ಫೋಟೋ ಹಾಕುವುದಕ್ಕಿಂತ ಮುಂದಿನ ನಾಲ್ಕೈದು ದಿನದ ಮುನ್ಸೂಚನೆ ನೋಡುವುದು ಒಳ್ಳೇದು, ಅಲ್ವಾ? ದಿನಕ್ಕೆ ಎರಡೋ ಮೂರೋ ಡಿಗ್ರಿಯಂತೆ ಇಳಿಯುತ್ತದೆ ಅಂತಿದ್ದರೆ ನನಗೆ ಸಮಾಧಾನ. ಒಂದೇ ರಾತ್ರಿಗೆ 15 ಡಿಗ್ರಿ ಬೀಳುತ್ತದೆ ಅಂತಿದ್ದರೆ, ಈ ವಾರವನ್ನು ಹೊಗಳುವುದಕ್ಕೆ ನನ್ನಿಂದಾಗಲ್ಲ.