ಕೆಟ್ಟೇ ಇಲ್ಲದ ಕಂಪ್ಯೂಟರ್ನ ಬಿಸಾಕಿ ಅಂದ್ರೆ ಹೊಟ್ಟೆ ಉರಿಯಲ್ವಾ?

ಅವತ್ತು ಸಾಯಂಕಾಲ ಅಮ್ಮ ಒಳಗಿನ ರೂಮಿಂದ ಕೂಗಿದ್ಳು, "ಲೋ ಬಾರೋ ಇಲ್ಲಿ, ಪರದೆ ತುಂಬಾ ಏನೇನೋ ಬಂದ್ಬಿಟ್ಟಿದೆ, ನಾನೇನೂ ಒತ್ತಿಲ್ಲಪ್ಪಾ" ಅಂತ. ಹೋಗಿ ನೋಡಿದ್ರೆ ಮೈಕ್ರೋಸಾಫ್ಟ್ ಕಂಪನಿಯವರ ವಿಂಡೋಸ್ 10ಕ್ಕೆ ಅಪ್‌ಡೇಟ್ ಕೊಡೋ ಸಪೋರ್ಟು ಮುಗಿಯುತ್ತೆ, 2025 ಅಕ್ಟೋಬರ್ 14 ಕೊನೇ ದಿನ ಅಂತ ಇಡೀ ಸ್ಕ್ರೀನಿಗೆ ನೋಟೀಸು. ಅಮ್ಮ ಮೌಸಿಂದ ಕೈ ತೆಗೆದು ಮಡಿಲಲ್ಲಿ ಇಟ್ಕೊಂಡು ಕೂತಿದ್ಳು, ಏನೋ ತಪ್ಪು ಮಾಡಿ ಸಿಕ್ಕಿಹಾಕ್ಕೊಂಡೋರ ಥರ. ಎಪ್ಪತ್ತು ದಾಟಿದ ಮೇಲೆ ಕಷ್ಟಪಟ್ಟು ಕಂಪ್ಯೂಟರ್ ಕಲಿತು, ಮೊಮ್ಮಗಳ ಜೊತೆ ವಿಡಿಯೋ ಕಾಲು, ದಿನಾ ಪೇಪರ್ ಓದೋದು, ಕರೆಂಟ್ ಬಿಲ್ ಕಟ್ಟೋದು ಎಲ್ಲಾ ತಾನೇ ಮಾಡ್ಕೊಳ್ತಾಳೆ, ಅಂಥವಳನ್ನ ಹೆದರಿಸಿ ಕೂರಿಸಿದ್ರಲ್ಲ ಅಂತ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮೊದಲೇ ಹೇಳ್ಬಿಡ್ತೀನಿ, ನಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಕೆಟ್ಟಿದ್ರೆ ನಾನು ಒಂದಕ್ಷರ ಮಾತಾಡ್ತಿರ್ಲಿಲ್ಲ, ವಸ್ತು ಅಂದ್ಮೇಲೆ ಒಂದಿನ ಸವೆಯುತ್ತೆ, ಹೊಸದು ತಗೋತೀವಿ. ಇದು 2018ರಲ್ಲಿ ಅಂಗಡಿಯಿಂದ ಹೊಸದಾಗೇ ತಂದಿದ್ದು, ಒಳಗಿರೋದು ಇಂಟೆಲ್ಲಿನ ಏಳನೇ ಜನರೇಷನ್ನಿನ ಐ5 ಪ್ರೊಸೆಸರ್. ಎರಡು ವರ್ಷದ ಹಿಂದೆ ನಾನೇ ಸ್ಕ್ರೂ ಬಿಚ್ಚಿ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕ್ದೆ, ರ್‍ಯಾಮು 8 ಇದ್ದಿದ್ದನ್ನ 16 ಜಿಬಿ ಮಾಡ್ದೆ, ಫ್ಯಾನಲ್ಲಿ ಕೂತಿದ್ದ ಧೂಳನ್ನ ಪೇಂಟ್ ಬ್ರಷ್ಷಲ್ಲಿ ತೆಗೆದೆ. ಈಗ ಸ್ವಿಚ್ ಒತ್ತಿ ಕುರ್ಚಿ ಎಳ್ಕೊಂಡು ಕೂರೋದ್ರೊಳಗೆ ರೆಡಿ ಇರುತ್ತೆ, ಸದ್ದೂ ಇಲ್ಲ.

ಸರಿ, ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡ್ಕೊಳ್ಳೋಣ ಅಂತ, ಅದು ನಮ್ಮ ಮಷೀನಿಗೆ ಆಗುತ್ತೋ ಇಲ್ವೋ ಹೇಳೋ ಪಿಸಿ ಹೆಲ್ತ್ ಚೆಕ್ ಅನ್ನೋ ಆಪ್ ಹಾಕಿ ನೋಡ್ದೆ. ಸೆಕ್ಯೂರ್ ಬೂಟ್, ಹಸಿರು ಟಿಕ್ಕು. ಟಿಪಿಎಂ 2.0, ಹಸಿರು ಟಿಕ್ಕು. ರ್‍ಯಾಮು 4 ಜಿಬಿ ಸಾಕಂತೆ ನಮ್ಮದು ಅದರ ನಾಲ್ಕು ಪಟ್ಟಿದೆ, ಸ್ಟೋರೇಜು 64 ಜಿಬಿ ಕೇಳ್ತಾರೆ ನಮ್ಮಲ್ಲಿ 500 ಇದೆ, ಅದಕ್ಕೂ ಟಿಕ್ಕು. ಪ್ರೊಸೆಸರ್ ಅನ್ನೋ ಒಂದು ಸಾಲಲ್ಲಿ ಮಾತ್ರ ಕೆಂಪು ಗುರುತು. ಇಂಟೆಲ್ ಆದ್ರೆ ಎಂಟನೇ ಜನರೇಷನ್ನಿಂದ ಮೇಲೆ ಇರ್ಬೇಕಂತೆ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರಲ್ಲ, ಇದೇ ಅದು. ಕೀಲಿಗಳನ್ನ ಭದ್ರವಾಗಿಡೋ ಟಿಪಿಎಂ ಬೇಕು ಅನ್ನೋದನ್ನ ನಾನು ಒಪ್ತೀನಿ, ಸೆಕ್ಯೂರ್ ಬೂಟೂ ಬೇಕು, ಬೂಟ್ ಆಗೋ ಹೊತ್ತಲ್ಲೇ ನುಗ್ಗೋ ಮಾಲ್‌ವೇರ್ ತಡೆಯೋಕೆ ಅದಿರೋದು. ಅದೆಲ್ಲಾ ನಮ್ಮ ಮಷೀನಲ್ಲಿ ಇದೆಯಲ್ಲ! 2021ರಲ್ಲಿ ವಿಂಡೋಸ್ 11 ಬರೋಕೆ ಮುಂಚೆ ಅದಕ್ಕೆ ಆಗೋ ಪ್ರೊಸೆಸರುಗಳ ಪಟ್ಟಿನ ಸ್ವಲ್ಪ ಸಡಿಲ ಮಾಡಿ ದುಬಾರಿ ಎಕ್ಸ್ ಸೀರೀಸು, ವರ್ಕ್‌ಸ್ಟೇಷನ್ ಚಿಪ್ಪುಗಳ ಜೊತೆಗೆ ಐ7 7820ಎಚ್‌ಕ್ಯೂ ಅನ್ನೋ ಏಳನೇ ಜನರೇಷನ್ನಿನ ಚಿಪ್ಪನ್ನೂ ಸೇರಿಸಿದ್ರು. ಅದು ಯಾವುದರಲ್ಲಿತ್ತು ಗೊತ್ತಾ, ವಿಂಡೋಸ್ ಮಾಡೋರೇ ಮಾರ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ. ಅವರ ಮನೆ ಏಳನೇ ಜನರೇಷನ್ ಒಳಗೆ, ನಮ್ಮ ಮನೆ ಏಳನೇ ಜನರೇಷನ್ ಹೊರಗೆ, ಇದನ್ನ ಯಾವ ನ್ಯಾಯ ಅಂತ ಕರೀಬೇಕು ಹೇಳಿ.

"ಹತ್ತು ವರ್ಷ ಕೊಟ್ರಲ್ಲ, ಇನ್ನೇನ್ ಬೇಕು" ಅಂತ ಕೆಲವರು ಹೇಳ್ತಾರೆ. 2015ರ ಜುಲೈಗೆ ಬಂದಿದ್ದು 2025ರ ಅಕ್ಟೋಬರಿಗೆ ಮುಗೀತು, ಲೆಕ್ಕ ಸರಿ. ಆದ್ರೆ 2018ರಲ್ಲಿ ಕಂಪ್ಯೂಟರ್ ತಗೊಂಡೋರಿಗೆ ಎಲ್ಲಿ ಬಂತು ಹತ್ತು ವರ್ಷ? ನಮಗೆ ಸಿಕ್ಕಿದ್ದು ಏಳು. ಅದೂ ಅಲ್ದೆ 2015ರಲ್ಲಿ ಆ ಕಂಪನಿಯವರೇ ಒಬ್ಬರು ಸಮಾವೇಶದಲ್ಲಿ ನಿಂತು ಇದೇ ವಿಂಡೋಸಿನ ಕೊನೇ ವರ್ಷನ್ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಪೇಪರಲ್ಲೆಲ್ಲಾ ಬಂತು, ನಾವು ನಂಬಿದ್ವಿ.

ಈಗ ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯೋ ವಿಷಯ ಹೇಳ್ತೀನಿ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಸಪೋರ್ಟ್ ಮುಗೀತು ಅಂದ್ರೆ ವಿಂಡೋಸ್ 10ಕ್ಕೆ ಪ್ಯಾಚ್ ತಯಾರು ಮಾಡೋದನ್ನ ನಿಲ್ಲಿಸಿದ್ರು ಅಂತ ಅಲ್ಲ ಕಣ್ರೀ. ದುಡ್ಡು ಕಟ್ಟೋ ದೊಡ್ಡ ಆಫೀಸುಗಳಿಗೆ 2028ರ ಅಕ್ಟೋಬರ್ ತನಕ ಸಿಗುತ್ತೆ. ಯಂತ್ರಗಳು, ಬಿಲ್ಲಿಂಗ್ ಕೌಂಟರುಗಳಂಥ ಕಡೆ ಹಾಕೋ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಅಂತ ಒಂದಿದೆ, ಅದೂ ವಿಂಡೋಸ್ 10ನೇ, ಅದಕ್ಕೆ 2032ರ ಜನವರಿ ತನಕ ಸೆಕ್ಯುರಿಟಿ ಅಪ್‌ಡೇಟ್ ಇದೆ. ಅಂದ್ರೆ ತೂತು ಹುಡುಕ್ತಾರೆ, ಮುಚ್ಚೋ ಪ್ಯಾಚ್ ಬರೀತಾರೆ, ಟೆಸ್ಟ್ ಮಾಡ್ತಾರೆ, ಎಲ್ಲಾ ಮಾಡ್ತಾರೆ, ಅಮ್ಮನ ಕಂಪ್ಯೂಟರಿಗೆ ಮಾತ್ರ ಕೊಡಲ್ಲ. ಔಷಧಿ ಇದೆ, ಡಬ್ಬೀಲೇ ಇದೆ, ನಿಮಗೆ ಮಾತ್ರ ಇಲ್ಲ ಅಂದ ಹಾಗೆ.

ಮನೆ ಬಳಕೆಯವರಿಗೆ ಅಂತ ಒಂದು ವರ್ಷದ ಇಎಸ್‌ಯು, ಅಂದ್ರೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿದಾರೆ, ಇಲ್ಲ ಅನ್ನಲ್ಲ, 2026ರ ಅಕ್ಟೋಬರ್ 13ಕ್ಕೆ ಅದೂ ಮುಗಿಯುತ್ತೆ. ಅದನ್ನ ಪಡೆಯೋಕೆ ದುಡ್ಡು ಕೊಡ್ಬೇಕು, ಇಲ್ಲ 1000 ರಿವಾರ್ಡ್ ಪಾಯಿಂಟು ಕೊಡ್ಬೇಕು, ಇಲ್ಲ ನಮ್ಮ ಸೆಟ್ಟಿಂಗ್ಸೆಲ್ಲಾ ಅವರ ಕ್ಲೌಡಿಗೆ ಸಿಂಕ್ ಮಾಡ್ಬೇಕು. ಯಾವುದೇ ದಾರಿ ಹಿಡಿದ್ರೂ ಅವರ ಆನ್‌ಲೈನ್ ಅಕೌಂಟಿಗೆ ಸೈನ್ ಇನ್ ಆಗ್ಲೇಬೇಕು. ಅಮ್ಮನ ಕಂಪ್ಯೂಟರಲ್ಲಿ ಏಳು ವರ್ಷದಿಂದ ಇದ್ದಿದ್ದು ಬರೀ ಲೋಕಲ್ ಅಕೌಂಟು, ನಾಲ್ಕಂಕಿ ಪಿನ್ನು, ಅಷ್ಟೇ, ಅವಳಿಗೆ ಅದೇ ಅಭ್ಯಾಸ. ಅದಕ್ಕೋಸ್ಕರ ಹೊಸ ಅಕೌಂಟ್ ಮಾಡ್ಸಿ, ಪಾಸ್‌ವರ್ಡ್ ಬರೆದಿಟ್ಟು, ಫೋನಿಗೆ ಬಂದ ಕೋಡ್ ಹಾಕಿ, ವಿಂಡೋಸ್ 10ರ ಕೊನೇ ವರ್ಷನ್ 22ಎಚ್2 ಇದೆಯಾ ಅಂತ ನೋಡಿ, ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ಪೇಜಿಗೆ ಹೋಗಿ ಎನ್‌ರೋಲ್ ಮಾಡೋಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಯ್ತು. ಸಿಂಕ್ ಮಾಡೋ ದಾರಿ ಹಿಡಿಯೋರು ಒಂದು ಎಚ್ಚರ ಇಟ್ಕೊಳ್ಳಿ, ವಿಂಡೋಸ್ ಬ್ಯಾಕಪ್ಪಲ್ಲಿ ಡಾಕ್ಯುಮೆಂಟ್ಸು, ಪಿಕ್ಚರ್ಸು ಅಂತ ಫೋಲ್ಡರುಗಳಿಗೂ ಆನ್ ಆಫ್ ಇದೆ, ಅದನ್ನ ಆಫ್ ಮಾಡಿ ಬರೀ ಸೆಟ್ಟಿಂಗ್ಸ್ ಬಿಟ್ರೆ ಸಾಕು, ಇಲ್ಲಾಂದ್ರೆ ಫ್ರೀ ಕೊಡೋ 5 ಜಿಬಿ ಫೋಟೋಗಳಿಂದಲೇ ತುಂಬಿಹೋಗಿ ಜಾಗ ಕೊಂಡ್ಕೊಳ್ಳಿ ಅಂತ ಅದೊಂದು ಕಾಟ ಶುರುವಾಗುತ್ತೆ.

ಅಪ್‌ಡೇಟ್ ಇಲ್ದಿದ್ರೆ ಏನಾಗುತ್ತೆ, ಕಂಪ್ಯೂಟರ್ ಓಡುತ್ತಲ್ಲ, ಸುಮ್ನೆ ಬಿಟ್ಬಿಡಿ ಅನ್ನೋರಿಗೂ ಒಂದು ಮಾತು. ಓಡುತ್ತೆ, ನಿಜ. ಅಕ್ಟೋಬರ್ 15ರ ಬೆಳಿಗ್ಗೆ ಏನೂ ಆಗಲಿಲ್ಲ, ಅಮ್ಮ ಎಂದಿನಂತೆ ಪೇಪರ್ ಓದಿದ್ಳು. ಆದ್ರೆ ವಿಂಡೋಸ್ 10, 11 ಎರಡರ ಒಳಗೂ ಸುಮಾರು ಕೋಡು ಒಂದೇ. ಪ್ರತಿ ತಿಂಗಳ ಎರಡನೇ ಮಂಗಳವಾರ ಹೊಸದಕ್ಕೆ ಪ್ಯಾಚ್ ಬರುತ್ತೆ, ಕಳ್ಳರು ಪ್ಯಾಚಿಗೆ ಮುಂಚಿನ ಫೈಲು, ಆಮೇಲಿನ ಫೈಲು ಎರಡನ್ನೂ ಪಕ್ಕಪಕ್ಕ ಇಟ್ಟು ತೂತು ಎಲ್ಲಿತ್ತು ಅಂತ ಕಂಡುಹಿಡೀತಾರೆ, ಅದೇ ತೂತು ಹಳೇದರಲ್ಲಿ ಬಾಯಿ ತೆರ್ಕೊಂಡೇ ಇರುತ್ತೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಮಾಲ್‌ವೇರ್ ಬಂದಾಗ ಅದಕ್ಕೆ ಪ್ಯಾಚ್ ಮಾರ್ಚಲ್ಲೇ ಬಂದಿತ್ತು, ಹಾಕ್ಕೊಂಡಿರದೇ ಇದ್ದ ಮಷೀನುಗಳಿಗೆ ಅದು ನುಗ್ತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳೇ ರೋಗಿಗಳನ್ನ ವಾಪಸ್ ಕಳಿಸ್ಬೇಕಾಯ್ತು. 2014ರಲ್ಲೇ ಸಪೋರ್ಟ್ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ರಾತ್ರೋರಾತ್ರಿ ಪ್ಯಾಚ್ ಕೊಟ್ರು. ಮನಸ್ಸು ಮಾಡಿದ್ರೆ ಕೊಡೋಕಾಗುತ್ತೆ ಅಂತ ತಾನೇ ಅದರ ಅರ್ಥ? ಆಮೇಲೆ ಬರೀ ವಿಂಡೋಸ್ ಒಂದಕ್ಕೇ ಮುಗಿಯಲ್ಲ, ಬ್ರೌಸರುಗಳೂ ಹಿಂದೆಯೇ ಕೈ ಬಿಡ್ತವೆ, ವಿಂಡೋಸ್ 7ಕ್ಕೆ ಕ್ರೋಮ್ 109ರಲ್ಲಿ ನಿಂತುಹೋಯ್ತು, ಆಮೇಲೆ ಒಂದೊಂದೇ ಸೈಟು ನಿಮ್ಮ ಬ್ರೌಸರ್ ಹಳೇದು ಅಂತ ಬಾಗಿಲು ಹಾಕಿದ್ವು.

ಇದರ ಮಧ್ಯೆ ಗಾಯದ ಮೇಲೆ ಬರೆ. ನೋಟೀಸು ಬಂದು ಒಂದು ವಾರ ಆಗಿರ್ಬೇಕು, ಯಾವುದೋ ಸೈಟಿಂದ ಒಂದು ಪಾಪ್‌ಅಪ್ ಬಂದಿದೆ, ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ ಅಂತ, ಬೀಪ್ ಬೀಪ್ ಅಂತ ಸದ್ದು ಬೇರೆ. ನಾನು ಮನೆಗೆ ಬಂದಾಗ ಅಮ್ಮ ಒಂದು ಲಕೋಟೆ ಹಿಂದೆ ಆ ನಂಬರ್ ಬರ್ಕೊಂಡು, ಕನ್ನಡಕ ಹಾಕ್ಕೊಂಡು, ಫೋನಲ್ಲಿ ಒಂದೊಂದೇ ಅಂಕಿ ಒತ್ತುತಾ ಇದ್ಳು. ಇನ್ನು ಮೂರು ಅಂಕಿ ಬಾಕಿ ಇತ್ತು. ನಾನು ಹತ್ತು ನಿಮಿಷ ತಡ ಆಗಿದ್ರೆ ಆ ಕಳ್ಳ ನನ್ಮಕ್ಳು ರಿಮೋಟ್ ಆಪ್ ಹಾಕ್ಸಿ ಪೆನ್ಷನ್ ಅಕೌಂಟ್ ತೊಳೆದುಬಿಡ್ತಿದ್ರು. ಅಮ್ಮನ್ನ ಬೈಯೋಕೆ ನನಗೆ ಬಾಯಿ ಬರ್ಲಿಲ್ಲ, ಯಾಕಂದ್ರೆ ಅವಳು ಕೇಳಿದ್ದು ಸರಿಯಾಗೇ ಇತ್ತು, "ಮೊನ್ನೆ ಬಂದಿದ್ದೂ ಹಿಂಗೇ ಇತ್ತಲ್ಲೋ, ಅದು ನಿಜ, ಇದು ಸುಳ್ಳು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?" ಉತ್ತರ ಇದ್ರೆ ನೀವೇ ಹೇಳಿ. ನಾನು ಒಂದೇ ಹೇಳ್ಕೊಟ್ಟಿದೀನಿ, ಪರದೆ ಮೇಲೆ ಫೋನ್ ನಂಬರ್ ಕಂಡ್ರೆ ಅದು ಕಳ್ಳರದ್ದು, ಮುಟ್ಟದೆ ಪವರ್ ಬಟನ್ ಒತ್ತಿ ಹಿಡ್ಕೋ ಅಂತ. ನಿಮ್ಮ ಮನೆ ಹಿರಿಯರಿಗೂ ದಯವಿಟ್ಟು ಹೇಳಿಡಿ.

ಬೈಪಾಸ್ ಮಾಡ್ಕೊಳ್ಳಿ ಅಂತ ಹುಡುಗರು ಹೇಳ್ತಾರೆ. ರೂಫಸ್ ಅನ್ನೋ ಟೂಲಲ್ಲಿ ಪೆನ್‌ಡ್ರೈವ್ ಮಾಡ್ಕೊಂಡ್ರೆ ಚೆಕಿಂಗ್ ಎಲ್ಲಾ ತಪ್ಪಿಸ್ಕೊಂಡು 11 ಇನ್‌ಸ್ಟಾಲ್ ಆಗುತ್ತೆ. ಮಾಡ್ದೆ ನಾನೂ, ಬೇರೆ ಒಂದು ಎಸ್‌ಎಸ್‌ಡಿ ಹಾಕಿ ಎರಡು ವಾರ ಓಡಿಸ್ದೆ, ಬೆಣ್ಣೆ ಹಂಗೆ ಓಡ್ತು. ಹಂಗಿದ್ಮೇಲೆ ಈ ಪ್ರೊಸೆಸರಿಗೆ ಆಗಲ್ಲ ಅನ್ನೋ ಮಾತು ಎಲ್ಲಿಂದ ಬಂತು? ಆದ್ರೂ ಅಮ್ಮನ ಕಂಪ್ಯೂಟರಲ್ಲಿ ಹಂಗೇ ಬಿಡೋಕೆ ನನಗೆ ಧೈರ್ಯ ಸಾಲಲ್ಲ, ಇಂಥ ಮಷೀನುಗಳಿಗೆ ಅಪ್‌ಡೇಟ್ ಗ್ಯಾರಂಟಿ ಇಲ್ಲ ಅಂತ ಅವರೇ ಬರೆದು ಹಾಕಿದಾರೆ, ವರ್ಷ ವರ್ಷ ಬರೋ ದೊಡ್ಡ ಅಪ್‌ಡೇಟನ್ನ ಕೈಯಾರೆ ಮಾಡ್ಕೋಬೇಕು. ತೀರಾ ಹಳೇ ಪ್ರೊಸೆಸರ್ ಇರೋರಿಗಂತೂ ವಿಂಡೋಸ್ 11ರ 24ಎಚ್2 ವರ್ಷನ್ನಿಂದ ಆ ದಾರೀನೂ ಮುಚ್ಚಿದೆ, ಅದಕ್ಕೆ ಬೇಕಾದ ಕೆಲವು ಇನ್‌ಸ್ಟ್ರಕ್ಷನ್ನುಗಳು ಆ ಚಿಪ್ಪಲ್ಲಿ ಇಲ್ದಿದ್ರೆ ಬೂಟೇ ಆಗಲ್ಲ.

ವಿಂಡೋಸ್ ಬದಲು ಹಾಕ್ಕೊಳ್ಳೋ ಫ್ರೀ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22ನ ಪೆನ್‌ಡ್ರೈವಿಂದಲೇ ಓಡಿಸಿ ನೋಡ್ದೆ, ಇನ್‌ಸ್ಟಾಲ್ ಮಾಡೋಕೆ ಮುಂಚೆ ಹಂಗೆ ನೋಡ್ಬಹುದು ಅನ್ನೋದೇ ಎಷ್ಟು ದೊಡ್ಡ ಮರ್ಯಾದೆ ಅನ್ನಿಸ್ತು ನನಗೆ. ವೈಫೈ ಬಂತು, ಸೌಂಡ್ ಬಂತು, ಪ್ರಿಂಟರನ್ನ ತಾನೇ ಹುಡುಕ್ಕೊಂಡಿತು. 2029ರ ತನಕ ಅಪ್‌ಡೇಟ್ ಇದೆ, ಪ್ರೊಸೆಸರ್ ಯಾವುದು ಅಂತ ಯಾರೂ ಕೇಳ್ಲಿಲ್ಲ. ಅಮ್ಮನಿಗೆ ಬ್ರೌಸರ್ ಒಂದಿದ್ರೆ ಆಯ್ತು, ಐಕಾನುಗಳನ್ನ ಹಳೇ ಜಾಗದಲ್ಲೇ ಇಟ್ಟುಕೊಟ್ಟೆ, ಎರಡು ದಿನ ಗೊಣಗಿದ್ಳು, ಮೂರನೇ ದಿನ ಸುಮ್ನಾದ್ಳು.

ಸಿಕ್ಕಿಹಾಕ್ಕೊಂಡಿರೋದು ಸ್ಕ್ಯಾನರಲ್ಲಿ. ಅಪ್ಪ ತೆಗೆದ ಫೋಟೋಗಳ ನೆಗೆಟಿವ್ ಒಂದು ಟ್ರಂಕ್ ತುಂಬಾ ಇದೆ, ಅಪ್ಪ ಹೋದ ಮೇಲೆ ಅದನ್ನೆಲ್ಲಾ ಒಂದು ಫಿಲ್ಮ್ ಸ್ಕ್ಯಾನರಲ್ಲಿ ನಾನು ಸ್ಕ್ಯಾನ್ ಮಾಡ್ತಾ ಬಂದಿದೀನಿ. ಒಂದು ಸ್ಟ್ರಿಪ್ಪಲ್ಲಿ ಆರು ಫ್ರೇಮು, ಒಂದೊಂದಕ್ಕೂ ಮೂರು ನಿಮಿಷ. ಅದನ್ನ ಮಾಡಿದ ಕಂಪನಿಗೆ ಬರೆದು ಕೇಳಿದ್ರೆ ಈ ಮಾಡೆಲ್ ನಿಲ್ಲಿಸಿದೀವಿ, ಹೊಸ ಡ್ರೈವರ್ ಬರಲ್ಲ, ಹೊಸ ಮಾಡೆಲ್ ನೋಡಿ ಅಂತ ಎರಡು ಸಾಲು ಉತ್ತರ. ಲಿನಕ್ಸಲ್ಲಿ ಅದಕ್ಕೆ ಡ್ರೈವರ್ ಇಲ್ಲ, ಟ್ರಯಲ್ಲಿಗೆ ಹಾಕಿದ 11ರಲ್ಲೂ ಅದು ಎದ್ದೇಳಲಿಲ್ಲ. ಗಟ್ಟಿಮುಟ್ಟಾಗಿರೋ ಕಂಪ್ಯೂಟರು, ಗಟ್ಟಿಮುಟ್ಟಾಗಿರೋ ಸ್ಕ್ಯಾನರು, ಎರಡನ್ನೂ ಬಿಸಾಕು ಅಂತಾರೆ. ವಿಂಡೋಸ್ 10 ನಿಲ್ಲೋದ್ರಿಂದ 24 ಕೋಟಿ ಪಿಸಿಗಳು ಕಸಕ್ಕೆ ಹೋಗ್ಬಹುದು ಅಂತ ಕ್ಯಾನಲಿಸ್ ಅನ್ನೋ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಅಷ್ಟು ತಾಮ್ರ, ಅಷ್ಟು ಸೀಸ, ಅಷ್ಟು ಪ್ಲಾಸ್ಟಿಕ್ಕು ಯಾರ ತಲೆ ಮೇಲೆ ಸುರೀತಾರೆ ಅಂತ ಯಾರಾದ್ರೂ ಕೇಳಿದಾರಾ? ಪರಿಸರದ ಬಗ್ಗೆ ಮಾತ್ರ ಎಲ್ಲಾ ಕಂಪನಿಗಳೂ ವರ್ಷಕ್ಕೊಂದು ವರದಿ ಬಿಡ್ತವೆ.

ಸದ್ಯಕ್ಕೆ ನಾನು ಮಾಡಿರೋದು ಇಷ್ಟು. ಎಲ್ಲಕ್ಕಿಂತ ಮುಂಚೆ ಫೋಟೋ, ಕಾಗದಪತ್ರ ಎಲ್ಲಾನೂ ಎರಡು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ತೆಗೆದಿಟ್ಟೆ. ಒಂದೇ ಮಷೀನಲ್ಲಿ ಎರಡು ಎಸ್‌ಎಸ್‌ಡಿ, ಅಮ್ಮನಿಗೆ ಮಿಂಟು, ಸ್ಕ್ಯಾನರಿಗೆ ಆ ವಿಂಡೋಸ್ 10. ಅದನ್ನ ಆನ್ ಮಾಡ್ದಾಗ ನೆಟ್ ಕೇಬಲ್ ಕಿತ್ತಿಡ್ತೀನಿ, ತಿಂಗಳಿಗೊಂದ್ಸಲ ಇಎಸ್‌ಯು ಅಪ್‌ಡೇಟ್ ತಗೊಳ್ಳೋಕೆ ಮಾತ್ರ ಚುಚ್ತೀನಿ. ನಮ್ಮ ಮನೇಲಿ ಇಷ್ಟು ಸರ್ಕಸ್ ಮಾಡೋಕೆ ಗೊತ್ತಿರೋರು ಒಬ್ಬರು ಇದ್ದಾರೆ ಅಂತ ನಡೀತಿದೆ, ಗೊತ್ತಿಲ್ಲದೋರು ಏನ್ ಮಾಡ್ಬೇಕು, ಒಂಟಿಯಾಗಿರೋ ವಯಸ್ಸಾದೋರು ಏನ್ ಮಾಡ್ಬೇಕು, ಅವರಿಗೆ ಆ ನೋಟೀಸಲ್ಲಿದ್ದಿದ್ದು ಹೊಸದು ಕೊಳ್ಳಿ ಅನ್ನೋ ದಾರಿ, ಆಮೇಲೆ ನೆನಪಿಸು ಅನ್ನೋ ಬಟನ್ನು, ಅಷ್ಟೇ.

ನಿನ್ನೆ ರಾತ್ರಿ ಹನ್ನೊಂದರ ತನಕ ಕೂತು ನಾಲ್ಕು ಸ್ಟ್ರಿಪ್ ಮುಗಿಸ್ದೆ. ಒಂದರಲ್ಲಿ ಅಮ್ಮ ಇಪ್ಪತ್ತೈದರ ಹುಡುಗಿ, ಬಾವಿಕಟ್ಟೆ ಹತ್ರ ಕೈ ಅಡ್ಡ ಹಿಡಿದು ಫೋಟೋ ಬೇಡ ಅಂತಿದಾಳೆ. ಟ್ರಂಕಲ್ಲಿ ಇನ್ನೂ ಇನ್ನೂರರ ಹತ್ರ ಸ್ಟ್ರಿಪ್ ಇವೆ. ಅಕ್ಟೋಬರ್ 13ರೊಳಗೆ ಮುಗಿಸ್ಬೇಕು, ಅದಕ್ಕೇ ದಿನಕ್ಕೆ ಎರಡಾದ್ರೂ ಆಗ್ಲೇಬೇಕು ಅಂತ ಗೋಡೆ ಮೇಲೆ ಲೆಕ್ಕ ಬರೆದು ಅಂಟಿಸಿದೀನಿ.