ರಂಗೋಲಿ ಕೆಳಗಿನ ದಾರಿ

‘ಇದೂ ಒಂದು ರೇಸಾ?’ ಅಂತ ಕೇಳುವವರು ಪ್ರತಿ ಸಲ ಒಬ್ಬರಾದರೂ ಇದ್ದೇ ಇರುತ್ತಾರೆ. ಸ್ಪೀಡ್‌ರನ್, ಅಂದರೆ ವಿಡಿಯೊ ಗೇಮನ್ನು ಆದಷ್ಟು ಬೇಗ ಮುಗಿಸುವ ಪೈಪೋಟಿ. ಮಾರಿಯೋ ಕಾರ್ಟ್ ವೀ ಎಂಬ ರೇಸ್ ಆಟದ ಗ್ರಂಬಲ್ ವಾಲ್ಕೇನೋ ಅನ್ನುವ ಜ್ವಾಲಾಮುಖಿ ದಾರಿಯಲ್ಲಿ ಅಂಥದ್ದೊಂದು ಓಟ ನಡೆಯುತ್ತಿರುತ್ತದೆ. ಆಡುವವನು ಶುರುವಿನ ಗೆರೆಯ ಹತ್ತಿರದ ಬಂಡೆ ಏರಿ, ಅಲ್ಲೇ ಹಿಂದೆ ಮುಂದೆ ಕುಪ್ಪಳಿಸಿ, ಜ್ವಾಲಾಮುಖಿಯ ಕಡೆ ತಲೆಯನ್ನೂ ಹಾಕದೆ ಮೂರು ಸುತ್ತು ಮುಗಿಸಿರುತ್ತಾನೆ. ಆಗ ಬರುತ್ತದೆ ಆ ಪ್ರಶ್ನೆ. ಮೈ ಉರಿಯುತ್ತದೆ. ಮಾರಾಯರೇ, ಸುತ್ತು ಎಣಿಸುವಾಗ ಆ ಆಟ ರಸ್ತೆಯನ್ನು ನೋಡುವುದೇ ಇಲ್ಲ. ಅದು ನೋಡುವುದು ದಾರಿಯುದ್ದಕ್ಕೂ ಇಟ್ಟ, ಕಣ್ಣಿಗೆ ಕಾಣದ ಗುರುತುಗಳನ್ನು, ಅಂದರೆ ಚೆಕ್‌ಪಾಯಿಂಟ್‌ಗಳನ್ನು. ಅವುಗಳಲ್ಲೂ ಕೆಲವು ಮಾತ್ರ ಕಡ್ಡಾಯ. ಆ ಲೆಕ್ಕವನ್ನು ಏಮಾರಿಸಿದರೆ ಸುತ್ತು ಮುಗಿಯಿತು. ಆಟ ಮಾಡಿದವರು ಚಾಪೆ ಹಾಸಿದರು, ಆಡುವವರು ರಂಗೋಲಿ ಕೆಳಗೆ ತೂರಿದರು, ಅಷ್ಟೇ.

ರಾಜಿಯೂ ಆಗಿದೆ ಅನ್ನಿ. ಗ್ಲಿಚ್, ಅಂದರೆ ಆಟದಲ್ಲೇ ಉಳಿದುಹೋದ ಲೋಪ, ಬಳಸಿದ ಓಟಕ್ಕೊಂದು ದಾಖಲೆ ಪಟ್ಟಿ, ಬಳಸದ್ದಕ್ಕೆ ಇನ್ನೊಂದು. ಆದರೆ ರಾಜಿ ಆದ ಮರುಗಳಿಗೆ ಹೊಸ ತಕರಾರು: ಗಾಡಿಗೆ ವೇಗ ಕೊಡುವ ಅಣಬೆ ಬಳಸಿ ಹುಲ್ಲಿನ ಮೇಲೆ ಅಡ್ಡ ಹಾಯ್ದರೆ ಅದು ಯಾವ ಪಟ್ಟಿಗೆ? ನ್ಯಾಯ ಯಾವುದು ಅಂತ ಹೇಳಿಯೇ ಬಿಡೋಣ. ಅದಕ್ಕೆ ಮೊದಲು ಡ್ರ್ಯಾಗ್‌ಸ್ಟರ್ ವಿಷಯ ಒಂದು ಆಗಿಬಿಡಲಿ.

1980ರಲ್ಲಿ ಅಟಾರಿ 2600 ಎಂಬ ವಿಡಿಯೊ ಗೇಮ್ ಯಂತ್ರಕ್ಕೆ ಆಕ್ಟಿವಿಷನ್ ಕಂಪನಿಯ ಡೇವಿಡ್ ಕ್ರೇನ್ ಬರೆದ ಆಟ. ತಿರುವಿಲ್ಲ, ಮುರುವಿಲ್ಲ, ನೇರ ರಸ್ತೆ. ಗುಂಡಿ ಒತ್ತಿದರೆ ಗ್ಯಾಸ್. ಜಾಯ್‌ಸ್ಟಿಕ್ ಎಡಕ್ಕೆ ಎಳೆದರೆ ಕ್ಲಚ್, ಬಿಟ್ಟರೆ ಮುಂದಿನ ಗೇರ್. ಒಟ್ಟು ನಾಲ್ಕು ಗೇರ್. ಎಣಿಕೆ ಮುಗಿಯುವ ಮೊದಲೇ ಗೇರಿಗೆ ಹಾಕಿದರೆ ಓಟ ರದ್ದು, ಎಂಜಿನ್ ಸುತ್ತುವ ವೇಗ ತೋರಿಸುವ ಟ್ಯಾಕೋಮೀಟರ್ ಮುಳ್ಳು ಕೊನೆ ಮುಟ್ಟಿದರೆ ಎಂಜಿನ್ ಢಮಾರ್. ಆರು ಸೆಕೆಂಡಿನೊಳಗೆ ಮುಗಿಸಿ ಟಿವಿ ಪರದೆಯ ಫೋಟೋ ಕಳಿಸಿದವರಿಗೆ ಕಂಪನಿಯೇ ಬಟ್ಟೆಯ ಬ್ಯಾಡ್ಜ್ ಕಳಿಸುತ್ತಿತ್ತು. 1982ರಲ್ಲಿ ಟಾಡ್ ರೋಜರ್ಸ್ ಹೆಸರಿಗೆ 5.51 ಸೆಕೆಂಡಿನ ದಾಖಲೆ ಬಂತು. ಶುರುವಿನಲ್ಲೇ ಎರಡನೇ ಗೇರಿಗೆ ಹಾಕಿ ಹೊರಟೆ ಅಂದರು ಅವರು. ವಿಡಿಯೊ ಗೇಮ್ ದಾಖಲೆಗಳ ಲೆಕ್ಕ ಇಡುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಒಪ್ಪಿತು, ಗಿನ್ನೆಸ್ ಕೂಡ ಒಪ್ಪಿತು. ಸುಮಾರು 35 ವರ್ಷ ಅದನ್ನು ಯಾರೂ ಅಲುಗಿಸಲಾಗಲಿಲ್ಲ.

ಅಲುಗೀತಾದರೂ ಹೇಗೆ? 2017ರಲ್ಲಿ ಎರಿಕ್ ಕೋಜಿಯಲ್ ಎಂಬವರು ಆಟದ ಕೋಡನ್ನೇ ಬಿಚ್ಚಿ ಹರವಿಕೊಂಡು ಲೆಕ್ಕಕ್ಕೆ ಕೂತರು. ಆ ಗಡಿಯಾರ ಓಡುವುದು ಸೆಕೆಂಡಿನ ಸುಮಾರು ಮೂವತ್ತನೇ ಒಂದು ಭಾಗದ ಹೆಜ್ಜೆಯಲ್ಲಿ: 5.51, 5.54, 5.57, 5.61, ಹೀಗೆ. ನಡುವಿನ ಅಂಕಿ ಬರುವುದೇ ಇಲ್ಲ. ಯಾವ ಕ್ಷಣಕ್ಕೆ ಗ್ಯಾಸ್, ಯಾವ ಕ್ಷಣಕ್ಕೆ ಗೇರ್ ಎಂದು ಎಲ್ಲ ಬಗೆಯಲ್ಲೂ ಯಂತ್ರದ ಕೈಯಲ್ಲಿ ಆಡಿಸಿದರೂ 5.57ಕ್ಕಿಂತ ಕೆಳಗೆ ಇಳಿಯಲಿಲ್ಲ. ಎರಡೇ ಹೆಜ್ಜೆಯ ವ್ಯತ್ಯಾಸ, ಕಣ್ಣೆವೆ ಬಡಿಯುವಷ್ಟೂ ಇಲ್ಲ. 2018ರ ಜನವರಿಯಲ್ಲಿ ಟ್ವಿನ್ ಗ್ಯಾಲಕ್ಸೀಸ್ ದಾಖಲೆ ಕಿತ್ತುಹಾಕಿತು, ಹಿಂದೆಯೇ ಗಿನ್ನೆಸ್ಸೂ ಕೈಬಿಟ್ಟಿತು. ಅಷ್ಟು ವರ್ಷ ಬಂಡೆ, ಹುಲ್ಲು, ಗೋಡೆ ಅಂತ ಕೂದಲು ಸೀಳುತ್ತಿದ್ದ ಜನ ಒಂದು ಫೋಟೋ ಎಷ್ಟರ ಮಟ್ಟಿಗೆ ಸಾಕ್ಷಿ ಅಂತ ಮಾತ್ರ ಕೇಳಿರಲಿಲ್ಲ! ಅದಕ್ಕೇ ಸಿಟ್ಟು ಬರುವುದು.

ಈಗ ವಿಡಿಯೊ ಕೊಡಬೇಕು, ಕೈ ಕಾಣಬೇಕು ಅನ್ನುತ್ತಾರೆ. ಅದೂ ಸಾಲದು. ಟ್ರ್ಯಾಕ್‌ಮೇನಿಯಾ ಎಂಬ ಕಾರ್ ರೇಸ್ ಆಟದಲ್ಲಿ ಆಟವನ್ನೇ ನಿಧಾನ ಮಾಡಿಕೊಂಡು ಆಡಿದವರಿದ್ದರು. ಓಟವನ್ನು ಮತ್ತೆ ತೋರಿಸುವ ರೀಪ್ಲೇ ಫೈಲಿನಲ್ಲಿ ಸಮಯ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಅದು ಆಟದೊಳಗಿನ ಸಮಯ. ಸಿಕ್ಕಿಬಿದ್ದದ್ದು ಬೆರಳಿನಿಂದ. ಒತ್ತಿದ ಪ್ರತಿಯೊಂದು ಕೀಲಿಯೂ ಆ ಫೈಲಿನಲ್ಲಿ ದಾಖಲಾಗುತ್ತದೆ. 2021ರಲ್ಲಿ ಅವನ್ನು ಸಾಲಾಗಿ ತೆಗೆದು ನೋಡಿದರೆ, ಸ್ಟಿಯರಿಂಗ್ ಅಷ್ಟು ಬೇಗ ಬೇಗ ಮಿಡಿಯುವುದು ಮನುಷ್ಯರಿಂದ ಆಗುವ ಕೆಲಸವೇ ಅಲ್ಲ.

ಇನ್ನು ಲೋಡಿಂಗ್ ಸಮಯ, ಅಂದರೆ ಆಟ ತೆರೆದುಕೊಳ್ಳಲು ಕಾಯುವ ಸಮಯ, ಎಣಿಸಬೇಕೋ ಬೇಡವೋ ಅನ್ನುವ ಜಗಳಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ. ದುಡ್ಡಿದ್ದವನ ಎಸ್‌ಎಸ್‌ಡಿ (ವೇಗದ ಡಿಸ್ಕ್) ಗೆದ್ದರೆ ಅದು ಓಟವಲ್ಲ, ಅಂಗಡಿ ಬಿಲ್ಲು.

ನ್ಯಾಯ ಹೇಳುತ್ತೇನೆ ಅಂದದ್ದು ನೆನಪಿದೆ. ಬಿಗ್ ರಿಗ್ಸ್ ಅಂತ 2003ರ ಲಾರಿ ಆಟ ಒಂದಿದೆ. ಅದರಲ್ಲಿ ಕಟ್ಟಡದೊಳಗೆ ತೂರಿ ಆಚೆ ಬರಬಹುದು, ಗುಡ್ಡವನ್ನು ನೇರ ಹತ್ತಬಹುದು. ಎದುರಾಳಿ ಲಾರಿ ಮೊದಲ ಆವೃತ್ತಿಯಲ್ಲಿ ನಿಂತಲ್ಲಿಂದ ಕದಲುವುದೇ ಇಲ್ಲ. ಆಮೇಲೆ ಬಂದ ಪ್ಯಾಚ್‌ನಲ್ಲಿ, ಅಂದರೆ ತಿದ್ದುಪಡಿಯಲ್ಲಿ, ಹೊರಡುತ್ತದೆ, ಗುರಿಯ ಗೆರೆಗೆ ಮುಂಚೆ ನಿಂತುಬಿಡುತ್ತದೆ. ರಿವರ್ಸ್ ಹಾಕಿದರಂತೂ ವೇಗಕ್ಕೆ ಮಿತಿಯೇ ಇಲ್ಲ, ಕೀಲಿ ಬಿಟ್ಟ ತಕ್ಷಣ ಸೊನ್ನೆ. ಮುರಿಯಲು ನಿಯಮವೇ ಇಲ್ಲದ ಈ ಆಟದಲ್ಲಾದರೂ ಜಗಳ ಇರಲಾರದು ಅಂದುಕೊಂಡರೆ, ರಿವರ್ಸ್ ಹಾಕಿದವರಿಗೆ ಬೇರೆ ಪಟ್ಟಿ ಬೇಕು ಅಂತ ಒಬ್ಬ ಕೈ ಎತ್ತಿಯೇ ಎತ್ತುತ್ತಾನೆ. ಪ್ಯಾಚ್ ಹಾಕಿದ್ದೋ ಹಾಕದ್ದೋ ಅಂತ ಕೇಳಲು ಅವನ ಪಕ್ಕದಲ್ಲಿ ಇನ್ನೊಬ್ಬ ಇರುತ್ತಾನೆ.